ತೊರವಿಯಿಂದ ತಾಜ್ ಬಾವಡಿಯವರೆಗೆ: ನೆಲದಡಿಯ ನೀರಿನ ನಡಿಗೆಗೆ ಒಬ್ಬ ಹಳೆಯ ರೈಲ್ವೆಯವನ ಅಂಕ

ತಲೆಗೆ 600 ರೂಪಾಯಿ. ಬೆಳಗಿನ ಆರೂವರೆಯಿಂದ ಹನ್ನೊಂದರವರೆಗೆ. ಟಂಟಂ ಬಾಡಿಗೆ, ನಾಷ್ಟಾ, ಒಂದು ಬಾಟಲಿ ನೀರು ಅದರಲ್ಲೇ ಸೇರಿದೆ. ಆದಿಲ್‌ಶಾಹಿ ಕಾಲದಲ್ಲಿ ವಿಜಯಪುರಕ್ಕೆ ನೆಲದ ಕೆಳಗಿನಿಂದ ನೀರು ಹೇಗೆ ಬರುತ್ತಿತ್ತು ಎಂದು ತೋರಿಸುವ ಈ ನಡಿಗೆಯನ್ನು ನಡೆಸುವವರು ಇಬ್ಬರು. ಒಬ್ಬರು ನಲವತ್ತೈದರ ಆಸುಪಾಸಿನ ಗೈಡ್, ಹಿಂದೆ ಪ್ರವಾಸಿಗರನ್ನು ಕೂರಿಸಿಕೊಂಡು ಟಾಂಗಾ ಓಡಿಸುತ್ತಿದ್ದವರು. ಇನ್ನೊಬ್ಬಳು ಸಿವಿಲ್ ಎಂಜಿನಿಯರಿಂಗ್ ಓದಿ ಮುಗಿಸಿದ ಹುಡುಗಿ. ಹೆಸರು ಬರೆಯುವುದಿಲ್ಲ. ಇಬ್ಬರಲ್ಲಿ ಒಬ್ಬರ ಮೇಲೆ ನನಗೆ ದೊಡ್ಡ ತಕರಾರಿದೆ, ಆ ತಕರಾರು ಅವರ ಹೊಟ್ಟೆಪಾಡಿನ ಮೇಲೆ ಬೀಳುವುದು ನನಗೆ ಬೇಡ.

ಮೊದಲು ನಾನು ಯಾವ ಅಧಿಕಾರದಿಂದ ಅಂಕ ಕೊಡುತ್ತಿದ್ದೇನೆ ಎಂದು ಹೇಳಿಬಿಡುತ್ತೇನೆ. ನಾನು ರೈಲ್ವೆಯಲ್ಲಿ ಹಳಿ ಕಾಯುವ ಕೆಲಸದಲ್ಲಿದ್ದು ನಿವೃತ್ತನಾದವನು. ಸೇವೆಯ ಬಹುಪಾಲು ಕಳೆದದ್ದು ಲೋಂಡಾ ದಾಟಿ, ಕ್ಯಾಸಲ್‌ರಾಕ್‌ನಿಂದ ಕುಳೆಂ ಕಡೆ ಇಳಿಯುವ ಘಾಟಿನಲ್ಲಿ. ದೂಧಸಾಗರ ನೋಡಲು ಹೋದವರಿಗೆ ಆ ದಾರಿಯ ಸುರಂಗಗಳು ಗೊತ್ತು. ಗಾಡಿ ಒಳಹೊಕ್ಕ ಕೂಡಲೇ ಹುಡುಗರು ಕಿರುಚುತ್ತಾರೆ, ಹೊರಬಂದ ಕೂಡಲೇ ಸುಮ್ಮನಾಗುತ್ತಾರೆ. ನಮ್ಮ ಪಾಲಿಗೆ ಅದು ಕಚೇರಿ. ಮಳೆಗಾಲದಲ್ಲಿ ಕೈಯಲ್ಲಿ ಲಾಂದ್ರ, ಹೆಗಲಿಗೆ ಸುತ್ತಿಗೆ. ಛಾವಣಿಯ ಬಂಡೆಗೆ ತಟ್ಟಿ ಕೇಳಬೇಕು. ಗಟ್ಟಿ ಬಂಡೆ ಒಂದು ದನಿ ಕೊಡುತ್ತದೆ, ಒಳಗೆ ಬಿಟ್ಟುಕೊಂಡ ಬಂಡೆ ಬೇರೆಯೇ ದನಿ ಕೊಡುತ್ತದೆ. ಗಾಡಿ ಬರುವ ಸದ್ದಾದರೆ ಗೋಡೆಯಲ್ಲಿ ಮನುಷ್ಯ ನಿಲ್ಲುವಷ್ಟೇ ಕೊರೆದ ಗೂಡಿನೊಳಗೆ ಬೆನ್ನು ಒತ್ತಿ ನಿಲ್ಲಬೇಕು. ಹೀಗೆ ಬದುಕಿದವನಿಗೆ ಸುರಂಗ ಎಂದೊಡನೆ ರಾಣಿಯರು, ನಿಧಿ, ಗುಪ್ತದ್ವಾರ ನೆನಪಾಗುವುದಿಲ್ಲ. ಗಾಳಿ ಎಲ್ಲಿಂದ ಬರುತ್ತದೆ, ನೀರು ಎಲ್ಲಿಗೆ ಹೋಗುತ್ತದೆ, ಅಗೆದ ಮಣ್ಣನ್ನು ಎಲ್ಲಿ ಹಾಕಿದರು, ಇವೇ ಮೊದಲು ಬರುವ ಪ್ರಶ್ನೆಗಳು. ಈ ಮೂರಕ್ಕೂ ಉತ್ತರ ಕೊಡುವ ಗೈಡ್ ಒಳ್ಳೆಯ ಗೈಡ್ ಎಂಬುದು ನನ್ನ ಅಳತೆಗೋಲು.

ಗುಂಪಿನಲ್ಲಿ ನಾವು, ಎಂದರೆ ನಾನು ಮತ್ತು ಹತ್ತನೆಯ ತರಗತಿಯ ಮೊಮ್ಮಗಳು, ಸೊಲ್ಲಾಪುರದ ಒಂದು ದಂಪತಿ, ಬಾಗಲಕೋಟೆಯಿಂದ ಬಂದ ಕಾಲೇಜು ಹುಡುಗರು ಇದ್ದೆವು. ಆರೂವರೆಗೆ ಹೊರಡಬೇಕಾದದ್ದು ಏಳು ದಾಟಿತು. ಟಂಟಂನವನು ಬಂದಿರಲಿಲ್ಲ. ಕಾಯುವಾಗ ನಮ್ಮ ಕೈಗೆ ಒಂದು ಬಣ್ಣದ ಹಾಳೆ ಕೊಟ್ಟರು, ನಕ್ಷೆ ಚೆನ್ನಾಗಿದೆ, ಕಾಗದವೂ ದಪ್ಪ. ಆದರೆ ಅದರಲ್ಲಿರುವುದೆಲ್ಲ ಇಂಗ್ಲಿಷ್. ವಿಜಯಪುರದ ನೀರಿನ ಕಥೆಯನ್ನು ವಿಜಯಪುರದವರಿಗೆ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿ ಹಂಚುವುದು ಯಾವ ಲೆಕ್ಕ? ಕೇಳಿದೆ. "ಕನ್ನಡದ್ದು ಮುಂದಿನ ಸಲ ಮಾಡಿಸುತ್ತೇವೆ ಕಾಕಾ" ಎಂದರು. ಅರ್ಧ ಅಂಕ ಇಲ್ಲಿಯೇ ಕಡಿತ.

ತೊರವಿ ಇರುವುದು ವಿಜಯಪುರದ ಪಶ್ಚಿಮಕ್ಕೆ, ಟಂಟಂನಲ್ಲಿ ಸ್ವಲ್ಪ ಹೊತ್ತಿನ ದಾರಿ. ಕುಮಾರ ವಾಲ್ಮೀಕಿಯ ರಾಮಾಯಣಕ್ಕೆ ಹೆಸರು ಕೊಟ್ಟ ಊರು ಇದೇ. ಎರಡನೆಯ ಇಬ್ರಾಹಿಂ ಆದಿಲ್ ಶಾಹ ಹೊಸ ರಾಜಧಾನಿ ಕಟ್ಟಿಸಲು ಹೊರಟ ನೌರಸಪುರವೂ ಇಲ್ಲೇ. ಅಹಮದನಗರದ ಮಲಿಕ್ ಅಂಬರ್ 1624ರಲ್ಲಿ ಅದನ್ನು ಹಾಳುಗೆಡವಿದ ಮೇಲೆ ಉಳಿದದ್ದು ಸಂಗೀತ ಮಹಲಿನಂಥ ಕೆಲವು ಮುರಿದ ಕಟ್ಟಡಗಳು. ಗೈಡ್ ಈ ಭಾಗವನ್ನು ಓಡಿಸಿಬಿಟ್ಟರು. ಸರಿಯಾದದ್ದೇ, ನಾವು ಬಂದದ್ದು ನೆಲದ ಮೇಲಿನದನ್ನು ನೋಡಲಿಕ್ಕಲ್ಲವಲ್ಲ.

ಸುರಂಗ ಬಾವಡಿಯ, ಎಂದರೆ ನೀರಿನ ಸುರಂಗ ಕೂಡುವ ಮೆಟ್ಟಿಲು ಬಾವಿಯ, ಹತ್ತಿರ ಬಂದಾಗ ಮಾತು ಹುಡುಗಿಯ ಕೈಗೆ ಹೋಯಿತು. ಈ ನಡಿಗೆಯಲ್ಲಿ ದುಡ್ಡಿಗೆ ತಕ್ಕ ಬೆಲೆ ಸಿಗುವುದು ಇಲ್ಲಿಂದ.

ಆಕೆ ಚೀಲದಿಂದ ತೆಗೆದದ್ದು ಗೌಂಡಿಗಳು ಮನೆ ಕಟ್ಟುವಾಗ ಬಳಸುವ ಲೆವೆಲ್ ಪೈಪು, ಒಳಗೆ ನೀರು ತುಂಬಿದ ತೆಳ್ಳನೆಯ ಪ್ಲಾಸ್ಟಿಕ್ ಕೊಳವೆ. ಒಂದು ತುದಿ ಸೊಲ್ಲಾಪುರದವರ ಕೈಗೆ, ಇನ್ನೊಂದು ನನ್ನ ಮೊಮ್ಮಗಳ ಕೈಗೆ. ನಡುವೆ ಮೂವತ್ತು ಅಡಿ ಅಂತರ. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟದಲ್ಲಿ ನಿಂತಿತು. "ಈಗ ಈ ಕಡೆಯ ನೆಲ ಆ ಕಡೆಗಿಂತ ಎಷ್ಟು ತಗ್ಗಿರಬೇಕು ಹೇಳಿ" ಎಂದಳು. ಹುಡುಗರು ಒಂದು ಅಡಿ, ಅರ್ಧ ಅಡಿ ಎಂದು ಕೂಗಿದರು. ಈ ವಿದ್ಯೆ ಬಂದ ಇರಾನಿನಲ್ಲಿ ಇಂಥ ಸುರಂಗಗಳಿಗೆ, ಅವರ ಮಾತಿನಲ್ಲಿ ಕನಾತ್‌ಗಳಿಗೆ, ಸಾವಿರ ಅಡಿಗೆ ಒಂದು ಅಡಿ, ಕೆಲವೆಡೆ ಅದಕ್ಕಿಂತಲೂ ಕಡಿಮೆ ಇಳಿಜಾರು ಇಡುತ್ತಾರೆ ಎಂದು ವಿವರಿಸಿದಳು. ಮೂವತ್ತು ಅಡಿಗೆ ಲೆಕ್ಕ ಹಾಕಿದರೆ ಒಂದು ಬೆರಳಿನ ದಪ್ಪವೂ ಬರುವುದಿಲ್ಲ. ಇಳಿಜಾರು ಹೆಚ್ಚಾದರೆ ನೀರು ಓಡಿ ಸುರಂಗದ ತಳವನ್ನೇ ಕೊರೆದು ಛಾವಣಿ ಕುಸಿಯುತ್ತದೆ, ಕಡಿಮೆಯಾದರೆ ಹೂಳು ಕೂರುತ್ತದೆ.

ನನಗೆ ಘಾಟು ನೆನಪಾಯಿತು. ಕ್ಯಾಸಲ್‌ರಾಕ್ ಇಳಿಜಾರಿನಲ್ಲಿ ಮೂವತ್ತೇಳು ಅಡಿಗೆ ಒಂದು ಅಡಿ. ಅದೇ ಮೂವತ್ತು ಅಡಿಗೆ ಹತ್ತಿರಹತ್ತಿರ ಹತ್ತು ಅಂಗುಲ. ಆ ಏರಿಗೆ ಹಿಂದಿನಿಂದ ತಳ್ಳಲು ಬೇರೆ ಎಂಜಿನ್ ಬೇಕು, ಇಳಿಯುವಾಗ ಬ್ರೇಕಿನ ಮೇಲೆ ಜೀವ. ನಮಗೆ ಕಣ್ಣಿಗೆ ಕಾಣುವ ಇಳಿಜಾರು ಅದು, ದುರ್ಬೀನಿಟ್ಟು ಅಳೆದು ಹಾಕಿದ್ದು. ಇಲ್ಲಿ ಕತ್ತಲೆಯಲ್ಲಿ, ಕುಳಿತು ಬಗ್ಗಿ ಅಗೆಯುತ್ತ, ಬೆರಳಿನ ದಪ್ಪದ ಇಳಿಜಾರನ್ನು ಬಹು ದೂರದವರೆಗೆ ಕಾಯ್ದುಕೊಂಡು ಹೋಗಿದ್ದಾರೆ. ಇದನ್ನು ನಾನು ಗುಂಪಿಗೆ ಹೇಳಿದಾಗ ಹುಡುಗಿ ತನ್ನ ವಹಿಯಲ್ಲಿ ಬರೆದುಕೊಂಡಳು. ಅವಳಿಗೆ ಅರ್ಧ ಅಂಕ ಹೆಚ್ಚು.

ಕೆಲಸದ ಕ್ರಮವನ್ನೂ ಆಕೆ ಚೆನ್ನಾಗಿ ಬಿಡಿಸಿ ಹೇಳಿದಳು. ಎತ್ತರದ ಕಡೆ ಮೊದಲು ತಾಯಿಬಾವಿ ತೋಡಿ ನೀರಿನ ಪದರ ಸಿಗುತ್ತದೆಯೇ ನೋಡುತ್ತಾರೆ. ಸಿಕ್ಕರೆ, ನೀರು ಹೊರಬರಬೇಕಾದ ತಗ್ಗಿನ ಕಡೆಯಿಂದ ಸುರಂಗ ಶುರುವಾಗುತ್ತದೆ. ಆಗ ಸಿಕ್ಕ ನೀರು ಹಿಂದಕ್ಕೆ ಹರಿದುಹೋಗುತ್ತದೆ, ಅಗೆಯುವವನು ಮುಳುಗುವುದಿಲ್ಲ. ದಾರಿಯುದ್ದಕ್ಕೂ ಮೇಲಿನಿಂದ ನೇರ ಬಾವಿಗಳನ್ನು ಇಳಿಸುತ್ತ ಹೋಗುತ್ತಾರೆ. ಮಣ್ಣು ಮೇಲೆ ಬರುವುದು ಅದರಿಂದ, ಗಾಳಿ ಕೆಳಗೆ ಹೋಗುವುದೂ ಅದರಿಂದ, ಮುಂದೆ ಹೂಳು ತೆಗೆಯಲು ಜನ ಇಳಿಯುವುದೂ ಅದರಿಂದಲೇ. ತೊರವಿಯ ಹೊಲಗಳಲ್ಲಿ ಇಂಥ ಬಾವಿಗಳ ಬಾಯಿಗಳಿವೆ. ಒಂದರ ಸುತ್ತ ಜೋಳ ಎದೆಮಟ್ಟ ನಿಂತಿತ್ತು, ಇನ್ನೊಂದಕ್ಕೆ ಯಾರೋ ಜಾಲಿ ಮುಳ್ಳು ಕವುಚಿದ್ದರು. ದನ ಬೀಳದಿರಲೆಂದು ಹಾಕಿದ್ದು, ಸರಿಯೇ. ನನ್ನ ಮೂರು ಪ್ರಶ್ನೆಗಳಿಗೆ ಕೇಳುವ ಮೊದಲೇ ಉತ್ತರ ಸಿಕ್ಕಿತ್ತು.

ಇರಾನಿನ ಅಗೆಯುವವರು ಎರಡು ಎಣ್ಣೆದೀಪಗಳನ್ನು ಹಿಂದೆ ಇಟ್ಟು, ಎರಡೂ ಒಂದೇ ಸಾಲಿನಲ್ಲಿ ಕಾಣುತ್ತವೆಯೇ ಎಂದು ನೋಡಿ ದಿಕ್ಕು ಹಿಡಿಯುತ್ತಿದ್ದರಂತೆ. ದೀಪ ಮಂಕಾದರೆ ಗಾಳಿ ಕೆಟ್ಟಿದೆ, ಮೇಲೆ ಬಾ ಎಂದರ್ಥ. ಈ ಮಾತು ನನಗೆ ಬಹಳ ಹಿಡಿಸಿತು, ದಿಕ್ಕು ಹೇಳುವುದಕ್ಕೂ ಉಸಿರು ಕಾಯುವುದಕ್ಕೂ ಒಂದೇ ದೀಪ.

ಬಾವಡಿಯೊಳಗೆ ನಮ್ಮನ್ನು ಒಂದು ಹಂತದವರೆಗೆ ಮಾತ್ರ ಬಿಟ್ಟರು. ಸುರಂಗದ ಬಾಯಿಯಿಂದ ಟಾರ್ಚು ಬಿಟ್ಟು ನೋಡಬಹುದು, ಒಳಗೆ ಕಾಲಿಡುವ ಹಾಗಿಲ್ಲ. ಬಾಗಲಕೋಟೆಯ ಹುಡುಗರು ಇದಕ್ಕೆ ಸಿಟ್ಟಾದರು, ದುಡ್ಡು ಕೊಟ್ಟಿದ್ದೇವೆ ಎಂದರು. ಈ ವಿಷಯದಲ್ಲಿ ನಾನು ನಡೆಸುವವರ ಪರ. ತಟ್ಟಿ ನೋಡದ ಛಾವಣಿಯ ಕೆಳಗೆ ಹತ್ತು ಜನರನ್ನು ನುಗ್ಗಿಸುವವನು ಗೈಡ್ ಅಲ್ಲ. ಗಾಳಿ ಪರೀಕ್ಷೆ ಇಲ್ಲ, ಹಗ್ಗ ಇಲ್ಲ, ತಲೆಗೆ ಟೋಪಿ ಇಲ್ಲ. ಬಾಯಿಯ ಹತ್ತಿರ ನಿಂತರೆ ಸಾಕು. ಒಳಗಿನಿಂದ ಬರುವ ತಣ್ಣನೆಯ ಗಾಳಿ ಮುಖಕ್ಕೆ ತಾಗುತ್ತದೆ, ಉಳಿದದ್ದನ್ನು ತಲೆ ತಾನೇ ಕಟ್ಟಿಕೊಳ್ಳುತ್ತದೆ.

ಇನ್ನು ತಕರಾರಿಗೆ ಬರುತ್ತೇನೆ.

ಹುಡುಗಿ ಮಾತು ಮುಗಿಸಿದ್ದೇ ತಡ, ನಮ್ಮ ಟಾಂಗಾ ಗೈಡ್ ಕೊರಳಿಗೆ ನೇತುಹಾಕಿದ್ದ ಸ್ಪೀಕರನ್ನು ಚಾಲೂ ಮಾಡಿದರು. ಇಲ್ಲಿಂದ ಕೋಟೆಗೆ ಕುದುರೆ ಓಡುವಷ್ಟು ದೊಡ್ಡ ಗುಪ್ತ ಸುರಂಗ, ಅಲ್ಲಿಂದ ಗೋಳಗುಮ್ಮಟಕ್ಕೆ ಒಂದು, ಗುಮ್ಮಟದ ಕೆಳಗಿನಿಂದ ನೇರ ಬೀದರಿಗೆ ಇನ್ನೊಂದು. ಶತ್ರು ಬಂದರೆ ಸುಲ್ತಾನ ರಾಣಿವಾಸದ ಸಮೇತ ಬೀದರಿನಲ್ಲಿ ಮೇಲೇಳುತ್ತಿದ್ದನಂತೆ. ಬ್ರಿಟಿಷರ ಕಾಲದಲ್ಲಿ ಒಂದು ಮದುವೆ ದಿಬ್ಬಣ ಒಳಗೆ ಹೋದದ್ದು ವಾಪಸು ಬರಲಿಲ್ಲವಂತೆ. ಈ ದಿಬ್ಬಣದ ಕಥೆಯನ್ನು ನಾನು ಬೇರೆ ಊರುಗಳ ಬಾವಿ, ಗುಹೆ, ಹಾಳು ಗುಡಿಗಳ ಮುಂದೆಯೂ ಕೇಳಿದ್ದೇನೆ. ಒಂದೇ ದಿಬ್ಬಣ ಎಷ್ಟು ಕಡೆ ಕಳೆದುಹೋಗಲು ಸಾಧ್ಯ?

ಬೀದರಿನ ಮಾತಿಗೆ ಮಾತ್ರ ನಾನು ಸುಮ್ಮನಿರಲಾಗಲಿಲ್ಲ. ವಿಜಯಪುರದಿಂದ ಬೀದರಿಗೆ ಹಕ್ಕಿ ಹಾರುವ ದಾರಿಯಲ್ಲೇ ಇನ್ನೂರು ಕಿಲೋಮೀಟರಿಗೂ ಹೆಚ್ಚು. ನಡುವೆ ಭೀಮಾ ನದಿ. ಇಂದಿನ ಯಂತ್ರಗಳೆಲ್ಲ ಸೇರಿ ಕೊರೆದ, ಜಗತ್ತಿನ ಅತಿ ಉದ್ದದ ರೈಲು ಸುರಂಗ ಸ್ವಿಟ್ಜರ್ಲೆಂಡಿನ ಗೊಟ್‌ಹಾರ್ಡ್‌ನದು, 57 ಕಿಲೋಮೀಟರು, ತೆರೆದದ್ದು 2016ರಲ್ಲಿ. ಇರಾನಿನ ಗೊನಾಬಾದ್‌ನಲ್ಲಿರುವ ಪ್ರಸಿದ್ಧ ನೀರಿನ ಸುರಂಗ 33 ಕಿಲೋಮೀಟರು, ಅದಕ್ಕೆ ನಾನೂರಕ್ಕೂ ಹೆಚ್ಚು ನೇರ ಬಾವಿಗಳು ಬೇಕಾದವು. ಈ ಲೆಕ್ಕದಲ್ಲಿ ಬೀದರಿನ ದಾರಿಯುದ್ದಕ್ಕೂ ಸಾವಿರಾರು ಬಾವಿಗಳ ಬಾಯಿ ಕಾಣಬೇಕಿತ್ತು, ಅಗೆದ ಮಣ್ಣಿನ ಗುಡ್ಡೆಗಳು ಸಾಲುಗಟ್ಟಿ ನಿಲ್ಲಬೇಕಿತ್ತು. ಸಿಂದಗಿಯವರು, ಆಳಂದದವರು ಯಾರಾದರೂ ಹೊಲದಲ್ಲಿ ನೋಡಿದ್ದೀರಾ?

ಇತಿಹಾಸವೂ ಒಪ್ಪುವುದಿಲ್ಲ. ಔರಂಗಜೇಬ್ ರಾಜಕುಮಾರನಾಗಿದ್ದಾಗಲೇ, 1657ರಲ್ಲಿ, ಬೀದರ್ ಕೋಟೆಯನ್ನು ಹಿಡಿದಿದ್ದ. ಅವನ ಸೇನೆ 1685ರಲ್ಲಿ ವಿಜಯಪುರಕ್ಕೆ ಮುತ್ತಿಗೆ ಹಾಕಿ ಒಂದು ವರ್ಷಕ್ಕೂ ಮೀರಿ ಕೂತಿತು. ಕೊನೆಗೆ 1686ರ ಸೆಪ್ಟೆಂಬರಿನಲ್ಲಿ ಕೊನೆಯ ಸುಲ್ತಾನ ಸಿಕಂದರ್, ಇನ್ನೂ ಎಳೆಯ ಹುಡುಗ, ಹೊರಗೆ ಬಂದು ಶರಣಾದ. ಸುರಂಗ ಇದ್ದಿದ್ದರೆ ಅವನೇಕೆ ಓಡಲಿಲ್ಲ? ಓಡಿದ್ದರೂ ಎದ್ದು ನಿಲ್ಲುತ್ತಿದ್ದದ್ದು ಮೊಗಲರ ಠಾಣ್ಯದ ನಡುವೆ! ಇಷ್ಟು ಹೇಳಿದಾಗ ಹುಡುಗರು ನಕ್ಕರು, ಗೈಡ್ ಕೂಡ ನಕ್ಕರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಕಾಕಾ, ನೀವು ಹೇಳುವುದು ಖರೆ. ಆದರೆ ಜನ ಕೈ ಬಿಚ್ಚಿ ಹೆಚ್ಚಿಗೆ ಕೊಡುವುದು ಈ ಕಥೆಗೇ. ಇಳಿಜಾರಿನ ಲೆಕ್ಕಕ್ಕೆ ಯಾರು ಕೊಡುತ್ತಾರೆ?" ಎಂದರು.

ಅವರ ಮಾತಿನಲ್ಲಿ ಹುರುಳಿದೆ, ಆದರೂ ನಾನು ಒಪ್ಪುವುದಿಲ್ಲ. ಇದರಿಂದ ಆಗುವ ನಷ್ಟ ನೋಡಿ. ನಮ್ಮ ಕಣ್ಣ ಮುಂದೆ ನಿಜವಾದ ಸುರಂಗವಿದೆ, ಬಂಡೆಯಲ್ಲಿ ಕೊರೆದದ್ದು, ಒಂದು ದೊಡ್ಡ ಪಟ್ಟಣದ ಬಾಯಾರಿಕೆ ಹಿಂಗಿಸಿದ್ದು. ಅದನ್ನು ಇಲ್ಲದ ಸುರಂಗದ ಪೀಠಿಕೆಯಾಗಿ ಮಾಡಿಬಿಟ್ಟರೆ, ಅಗೆದವನ ಶ್ರಮವೆಲ್ಲ ಓಡಿಹೋಗುವ ರಾಜನ ಲೆಕ್ಕಕ್ಕೆ ಜಮೆಯಾಗುತ್ತದೆ. ಜೆರುಸಲೇಮಿನಲ್ಲಿ ಸಿಲೋವಾಮ್ ಕೊಳಕ್ಕೆ ನೀರು ತರುವ ಪುರಾತನ ಸುರಂಗವೊಂದಿದೆ. ಎರಡು ತುದಿಗಳಿಂದ ಅಗೆಯುತ್ತ ಬಂದವರು ನಡುವೆ ಕೂಡಿದರು. ಅದರ ಗೋಡೆಯಲ್ಲಿ 1880ರಲ್ಲಿ ಸಿಕ್ಕ ಶಾಸನದಲ್ಲಿ ಯಾವ ರಾಜನ ಹೆಸರೂ ಇಲ್ಲ. ಇನ್ನು ಮೂರು ಮೊಳ ಅಗೆಯುವುದು ಉಳಿದಿದ್ದಾಗ ಒಬ್ಬ ಇನ್ನೊಬ್ಬನನ್ನು ಕೂಗುವ ದನಿ ಬಂಡೆಯ ಆಚೆಯಿಂದ ಕೇಳಿಸಿತು, ಗುದ್ದಲಿಗೆ ಗುದ್ದಲಿ ಎದುರಾಯಿತು, ನೀರು ಹರಿಯಿತು ಎಂದಿದೆ. ಸುರಂಗದ ಕೆಲಸ ಮಾಡಿದವನಿಗೆ ಆ ಸಾಲು ಓದಿದರೆ ಮೈ ಜುಮ್ಮೆನ್ನುತ್ತದೆ. ನಮ್ಮ ತೊರವಿಯಲ್ಲಿಯೂ ಒಂದು ಬಾವಿಯಿಂದ ಈ ಕಡೆಗೂ ಆ ಕಡೆಗೂ ಅಗೆದು ಪಕ್ಕದ ಬಾವಿಯವರನ್ನು ಕೂಡಿಕೊಂಡವರು ಇದ್ದೇ ಇದ್ದರು. ಕುದುರೆಯ ಕಥೆಗೆ ಕೊಡುವ ಸಮಯದಲ್ಲಿ ಕಾಲು ಭಾಗವನ್ನು ಅವರಿಗೆ ಕೊಡಲಿ.

ರೋಮಾಂಚವೇ ಬೇಕೆಂದರೆ ನೀರಿನ ಸುರಂಗದಲ್ಲೇ ಯುದ್ಧದ ಕಥೆಗಳೂ ಇವೆ. ಹುಡುಗಿ ಒಂದನ್ನು ಹೇಳಿದಳು, ಆದರೆ ಸ್ಪೀಕರ್ ಇಲ್ಲದ್ದರಿಂದ ಹಿಂದಿದ್ದವರಿಗೆ ಕೇಳಿಸಲಿಲ್ಲ. ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಬರೆದದ್ದು: ಕ್ರಿಸ್ತಪೂರ್ವ ಮೂರನೆಯ ಶತಮಾನದ ಕೊನೆಯಲ್ಲಿ ಗ್ರೀಕ್ ದೊರೆ ಮೂರನೆಯ ಆಂಟಿಯೋಕಸ್ ಇರಾನಿನ ಕಡೆಯ ಪಾರ್ಥಿಯನ್ನರ ಮೇಲೆ ದಂಡೆತ್ತಿ ಹೋದಾಗ, ಅವನ ಸೇನೆ ಮರುಭೂಮಿ ದಾಟದಿರಲಿ ಎಂದು ಪಾರ್ಥಿಯನ್ನರ ದೊರೆ ಈ ನೀರಿನ ಬಾವಿಗಳನ್ನೇ ಮುಚ್ಚಿಸಲು ಹೊರಟ. ಆಂಟಿಯೋಕಸ್ ಕುದುರೆ ಸವಾರರನ್ನು ಮುಂದಾಗಿ ಅಟ್ಟಿ ಬಾವಿಗಳನ್ನು ಉಳಿಸಿಕೊಂಡ. ಅದೇ ಕಡೆ ಪಾಲಿಬಿಯಸ್ ಇನ್ನೊಂದು ಮಾತು ಹೇಳುತ್ತಾನೆ. ನೀರಿಲ್ಲದ ನೆಲಕ್ಕೆ ನೀರು ತಂದವರಿಗೆ ಪರ್ಷಿಯದ ಅರಸರು ಆ ಭೂಮಿಯನ್ನು ಐದು ತಲೆಮಾರು ಉಣ್ಣಲು ಬಿಟ್ಟುಕೊಡುತ್ತಿದ್ದರಂತೆ. ಐದು ತಲೆಮಾರು! ಇದನ್ನು ಕೇಳಿ ಸೊಲ್ಲಾಪುರದ ಯಜಮಾನರು ತಮ್ಮ ಬೋರ್‌ವೆಲ್ ಸಾಲದ ಕಥೆ ತೆಗೆದರು, ಅದನ್ನು ಇಲ್ಲಿ ಬರೆಯುವುದಿಲ್ಲ.

ಪರ್ಷಿಯದ ಈ ವಿದ್ಯೆ ದಖ್ಖನಿಗೆ ಬಂದ ದಾರಿಯನ್ನು ಆಕೆ ನಕ್ಷೆಯಲ್ಲಿ ತೋರಿಸಿದಳು. ಬಹಮನಿ ಸುಲ್ತಾನರ ಬೀದರಿನಲ್ಲಿ, ಇಂದಿನ ನೌಬಾದ್ ಕಡೆ, ಒಂದು ಕರೇಜ್, ಎಂದರೆ ಇಂಥದೇ ನೀರಿನ ಸುರಂಗ, ಇದೆ. ಹೂಳು ತೆಗೆದ ಮೇಲೆ ಅಲ್ಲಿ ನೀರು ಕಾಣಿಸಿಕೊಂಡಿತು. ಅಬ್ದುರ್ ರಹೀಂ ಖಾನ್‌ಖಾನಾನ್ ಇದ್ದ ಬುರ್ಹಾನ್‌ಪುರದಲ್ಲಿ 1615ರ ಹೊತ್ತಿಗೆ ಕಟ್ಟಿದ ಕುಂಡಿ ಭಂಡಾರ, ಔರಂಗಾಬಾದಿನಲ್ಲಿ ಮಲಿಕ್ ಅಂಬರನ ನಹರ್. ಕಣ್ಣಳತೆಯಲ್ಲಿ ನೋಡಿದರೆ ಒಂದೇ ಕುಟುಂಬದವು. ನೌರಸಪುರವನ್ನು ಹಾಳುಗೆಡವಿದ ಅದೇ ಮಲಿಕ್ ಅಂಬರ್ ತನ್ನ ಊರಿಗೆ ನೆಲದಡಿಯಿಂದ ನೀರು ತಂದವನು ಎಂಬುದನ್ನು ಯಾರೂ ಎತ್ತಿ ಹೇಳಲಿಲ್ಲ. ಇದನ್ನು ನಡಿಗೆಯಲ್ಲಿ ಸೇರಿಸಿಕೊಳ್ಳಬೇಕು. ಇರಾನಿನ ಹನ್ನೊಂದು ಕನಾತ್‌ಗಳು 2016ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು, ದಖ್ಖನಿನ ಹಳೆಯ ನೀರಿನ ವ್ಯವಸ್ಥೆಗಳು 2020ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್‌ನ ನಿಗಾ ಪಟ್ಟಿ ಸೇರಿದವು. ಈ ಎರಡು ಸಂಗತಿ ಮಾತ್ರ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿವೆ, ಇಂಗ್ಲಿಷಿನಲ್ಲಿ.

ನಾಷ್ಟಾ ತೊರವಿಯಿಂದ ಮರಳುವ ದಾರಿಯಲ್ಲಿ. ಸುಸಲಾ, ಮಿರ್ಚಿ ಭಜಿ, ಚಹಾ. ಸುಸಲಾಕ್ಕೆ ಪುಠಾಣಿ ಹಿಟ್ಟು ಧಾರಾಳ, ಈರುಳ್ಳಿ ಹಸಿಹಸಿ, ಭಜಿ ಬಿಸಿ. ಪೂರ್ತಿ ಅಂಕ. ಆದರೆ ಬಾವಡಿಯ ಕಡೆ ಹೆಣ್ಣುಮಕ್ಕಳಿಗೆ ಶೌಚಾಲಯದ ವ್ಯವಸ್ಥೆ ಇಲ್ಲ. ಇದನ್ನು ಮೊದಲೇ ತಿಳಿಸಿ, ಹೊರಡುವ ಮುನ್ನ ಊರಲ್ಲೇ ನಿಲ್ಲಿಸಬೇಕಿತ್ತು. ಮೊಮ್ಮಗಳು ನನ್ನ ಹತ್ತಿರ ಹೇಳಲಿಲ್ಲ, ಸೊಲ್ಲಾಪುರದ ತಾಯಿಯವರ ಹತ್ತಿರ ಹೇಳಿಕೊಂಡಳು.

ಎರಡನೆಯ ಅರ್ಧ ಊರೊಳಗೆ. ಗಂಜ್‌ಗಳನ್ನು, ಎಂದರೆ ಹಳೆಯ ನೀರಿನ ಗೋಪುರಗಳನ್ನು, ತೋರಿಸುತ್ತಾರೆ. ವಿಜಯಪುರದಲ್ಲಿ ಹುಟ್ಟಿ ಬೆಳೆದವರೂ ಇವನ್ನು ಹಾಳು ಗೋಪುರ ಎಂದುಕೊಂಡು ದಾಟಿ ಹೋಗುತ್ತಾರೆ. ಒಂದರ ಬುಡದಲ್ಲಿ ಸೈಕಲ್ ಪಂಕ್ಚರ್ ಅಂಗಡಿ, ಇನ್ನೊಂದರ ಮೈತುಂಬ ಕೋಚಿಂಗ್ ಕ್ಲಾಸಿನ ಪೋಸ್ಟರು. ಸುರಂಗದಿಂದ ಮತ್ತು ಕೆರೆಗಳಿಂದ ಬಂದ ನೀರು ಊರೊಳಗೆ ಗಾರೆಯಲ್ಲಿ ಹುಗಿದ ಮಣ್ಣಿನ ಕೊಳವೆಗಳಲ್ಲಿ ಹರಿಯುತ್ತಿತ್ತು. ಎತ್ತರದಿಂದ ಬಂದ ನೀರಿನ ಒತ್ತಡ ಮುಚ್ಚಿದ ಕೊಳವೆಯೊಳಗೆ ಸೇರಿದರೆ ಮಣ್ಣಿನ ಕೊಳವೆ ಒಡೆಯುತ್ತದೆ. ಆದ್ದರಿಂದ ಅಲ್ಲಲ್ಲಿ ಗೋಪುರ ಕಟ್ಟಿ ನೀರನ್ನು ಅದರೊಳಗೆ ಏರಲು ಬಿಟ್ಟರು. ಒತ್ತಡ ಅಲ್ಲಿ ಕಳೆಯುತ್ತದೆ, ಹೂಳು ತಳಕ್ಕೆ ಕೂರುತ್ತದೆ, ತಿಳಿನೀರು ಮುಂದಿನ ಕೊಳವೆಗೆ ಇಳಿಯುತ್ತದೆ. ಕುಕ್ಕರಿನ ಸೀಟಿ ಇದ್ದ ಹಾಗೆ ಎಂದು ಟಾಂಗಾ ಗೈಡ್ ಹೇಳಿದರು. ಅವರು ಬಾಯಿಬಿಟ್ಟು ಹೇಳಿದ್ದರಲ್ಲಿ ಅತ್ಯುತ್ತಮ ಮಾತು ಅದೇ, ಮದುವೆ ದಿಬ್ಬಣದ ಜಾಗದಲ್ಲಿ ಅವರು ಇಂಥ ಮಾತುಗಳನ್ನೇ ಕೂಡಿಸಲಿ.

ಊರಿನ ದಕ್ಷಿಣಕ್ಕಿರುವ ಬೇಗಂ ತಲಾಬ್ ಎಂಬ ಕೆರೆಯನ್ನು ದೂರದಿಂದಲೇ ಹೇಳಿ ಮುಗಿಸಿದರು. ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, 1651ರಲ್ಲಿ ಕಟ್ಟಿಸಿದ್ದು. ಊರಿಗೆ ನೀರು ಕೊಟ್ಟ ಇನ್ನೊಂದು ದೊಡ್ಡ ಮೂಲ ಅದು, ಸಮಯವಿಲ್ಲ ಎಂದು ಬಿಟ್ಟದ್ದು ಸರಿಯಲ್ಲ. ಗೋಳಗುಮ್ಮಟಕ್ಕೆ ಮಾತ್ರ ಸಮಯ ಇತ್ತು! ಅದು ನೀರಿನ ನಡಿಗೆಯಲ್ಲಿ ಏಕೆ ಬಂತೆಂದರೆ, ಮತ್ತೆ ಸುರಂಗದ ಕಥೆಗೆ. ಗುಮ್ಮಟದ ಕೆಳಗೆ ನೆಲಮಾಳಿಗೆ ಇರುವುದು ನಿಜ. ಮೇಲೆ ಕಾಣುವವು ತೋರಿಕೆಯ ಗೋರಿಗಳು, ಮುಹಮ್ಮದ್ ಆದಿಲ್ ಶಾಹ ಮತ್ತು ಅವನ ಮನೆಯವರ ನಿಜವಾದ ಸಮಾಧಿಗಳು ಕೆಳಗಿನ ಕೋಣೆಯಲ್ಲಿವೆ. ಆ ಕಾಲದ ದೊಡ್ಡ ಗೋರಿ ಕಟ್ಟಡಗಳಲ್ಲಿ ಇದೇ ಪದ್ಧತಿ. ಮುಚ್ಚಿದ ಬಾಗಿಲು ಕಂಡ ಕೂಡಲೇ ಅದರ ಆಚೆ ಬೀದರ್ ಇದೆ ಎನ್ನುವವರಿಗೆ ಏನು ಹೇಳುವುದು? ಮೊಮ್ಮಗಳು ಗೈಡನ್ನು ಕೇಳಿದಳು, "ಮಾಮಾ, ಆ ಸುರಂಗಕ್ಕೆ ಗಾಳಿ ಎಲ್ಲಿಂದ ಬರುತ್ತಿತ್ತು?" ಆತ ನನ್ನ ಮುಖ ನೋಡಿದರು. ನಾನು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದೆ.

ಕೊನೆಗೆ ತಾಜ್ ಬಾವಡಿ. ಬಿಸಿಲೇರಿತ್ತು. 1620ರಲ್ಲಿ, ಎರಡನೆಯ ಇಬ್ರಾಹಿಂನ ರಾಣಿ ತಾಜ್ ಸುಲ್ತಾನಾ ಹೆಸರಿನಲ್ಲಿ ಕಟ್ಟಿದ್ದು. ಒಂದೊಂದು ಬದಿಯೂ 220 ಅಡಿಗೂ ಮಿಕ್ಕಿ ಉದ್ದ, ಆಳ ಐವತ್ತು ಅಡಿಯ ಮೇಲೆ. ಎರಡು ಎಂಟುಮೂಲೆ ಬುರುಜುಗಳ ನಡುವಿನ ದೊಡ್ಡ ಕಮಾನಿನ ಕೆಳಗೆ ಮೆಟ್ಟಿಲು ಇಳಿಯುತ್ತವೆ. ಹಿಂದೆ ಇಲ್ಲಿ ಗಣಪತಿ ಬಿಡುತ್ತಿದ್ದೆವು, ಕಸವೂ ಬೀಳುತ್ತಿತ್ತು. ಕೆಲವು ವರ್ಷಗಳ ಹಿಂದೆ ಊರಿನ ಬಾವಡಿಗಳ ಹೂಳು ತೆಗೆಸಿದ ಮೇಲೆ ತಳದ ಕಟ್ಟಡ ಕಣ್ಣಿಗೆ ಬಿತ್ತು. ಶಹಾಪುರ ಅಗಸೆಯ ಕಡೆಯ ಚಾಂದ್ ಬಾವಡಿ ಇದಕ್ಕಿಂತ ಹಳೆಯದು, ಮೊದಲನೆಯ ಅಲಿ ಆದಿಲ್ ಶಾಹ 1579ರಲ್ಲಿ ಕಟ್ಟಿಸಿದ್ದು. ಅದನ್ನು ಗಾಡಿಯಿಂದಲೇ ತೋರಿಸಿದರು. ತಾಜ್ ಬಾವಡಿಯಲ್ಲಿ ನಿಂತು ಹುಡುಗಿ ಇಡೀ ಬೆಳಗಿನ ಲೆಕ್ಕವನ್ನು ಒಂದೇ ಗೆರೆಯಲ್ಲಿ ಕೂಡಿಸಬಹುದಿತ್ತು. ಆದರೆ ಅಷ್ಟರಲ್ಲಿ ಕಾಲೇಜು ಹುಡುಗರು ಸೆಲ್ಫಿಗೆ ಹೊರಟಿದ್ದರು, ಗೈಡ್ ಮುಂದಿನ ಗುಂಪಿನವರೊಂದಿಗೆ ಫೋನಿನಲ್ಲಿದ್ದರು. ನಡಿಗೆಯ ಕೊನೆ ಹೀಗೆ ಚದುರುವುದು ಇವರ ರೂಢಿ ಎಂದು ನನ್ನ ಹಿಂದೆ ಹೋಗಿಬಂದ ಪರಿಚಯದವರೂ ಹೇಳಿದರು.

ಯಾರು ಹೋಗಬಹುದು? ಮಂಡಿನೋವಿದ್ದವರಿಗೆ ತೊರವಿಯ ಮೆಟ್ಟಿಲು ಕಷ್ಟ, ಅವರು ಮೇಲೆಯೇ ನಿಂತು ನೋಡಲಿ. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಬೇಕು, ಅದರಲ್ಲೂ ಎಂಟು, ಒಂಬತ್ತರ ಮಕ್ಕಳನ್ನು. ಲೆವೆಲ್ ಪೈಪಿನ ಪಾಠ ಯಾವ ಪುಸ್ತಕದಲ್ಲೂ ಹೀಗೆ ಸಿಗುವುದಿಲ್ಲ. ಗುಪ್ತ ಸುರಂಗ, ನಿಧಿ ನೋಡಲೆಂದೇ ಹೋಗುವವರಿಗೆ ನಿರಾಸೆ ಕಾದಿದೆ, ಆಗಲಿ. ಬೇಸಿಗೆಯಲ್ಲಿ ಬೇಡ. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಹವೆ ಚೆನ್ನ, ಜೋಳ, ಕಡಲೆ, ತೊಗರಿ ಹೊಲದಲ್ಲಿರುತ್ತವೆ. ಟೋಪಿ ಒಯ್ಯಿರಿ, ಚಪ್ಪಲಿ ಬೇಡ, ಬೂಟು ಹಾಕಿರಿ, ಎರೆಮಣ್ಣು ಹಸಿ ಇದ್ದರೆ ಚಪ್ಪಲಿಯನ್ನು ಅಲ್ಲೇ ಬಿಟ್ಟು ಬರಬೇಕಾಗುತ್ತದೆ.

ಅಂಕ ಹೀಗಿದೆ. ತೊರವಿಗೆ ಐದಕ್ಕೆ ಐದು. ಗಂಜ್‌ಗಳಿಗೆ ನಾಲ್ಕು. ನಾಷ್ಟಾಕ್ಕೆ ಐದು. ಗೋಳಗುಮ್ಮಟದ ಭಾಗಕ್ಕೆ ಸೊನ್ನೆ. ಒಟ್ಟು ಸೇರಿಸಿ ಮೂರೂವರೆ. 600 ರೂಪಾಯಿ ದುಬಾರಿಯೇನಲ್ಲ, ಗುಂಪು ಎಂಟಕ್ಕಿಂತ ದೊಡ್ಡದಾದರೆ ಮಾತ್ರ ಹಿಂದಿನವರಿಗೆ ಏನೂ ಕೇಳಿಸುವುದಿಲ್ಲ. ಹೆಸರು ಕೊಡುವಾಗ ಎರಡು ಮಾತು ಕೇಳಿಕೊಳ್ಳಿ: ಎಂಜಿನಿಯರಿಂಗ್ ಓದಿದ ಹುಡುಗಿ ಆ ದಿನ ಬರುತ್ತಾಳೆಯೇ, ಮತ್ತು ಸ್ಪೀಕರ್ ಯಾರ ಕೊರಳಲ್ಲಿ ಇರುತ್ತದೆ. ಗೋಳಗುಮ್ಮಟ ಬಿಟ್ಟು ಆ ಸಮಯವನ್ನು ಬೇಗಂ ತಲಾಬಿಗೆ ಕೊಡಿ ಎಂದು ನಾಲ್ಕು ಜನ ಕೂಡಿ ಮೊದಲೇ ಹೇಳಿದರೆ ಅವರು ಒಪ್ಪುತ್ತಾರೆ. ನಾವು ಇಳಿಯುವಾಗ ಕೇಳಿ ಖಚಿತಮಾಡಿಕೊಂಡಿದ್ದೇನೆ, ಟಂಟಂನವನಿಗೆ ಐವತ್ತು ರೂಪಾಯಿ ಹೆಚ್ಚು ಕೊಡಬೇಕಾಗುತ್ತದೆ, ಅಷ್ಟೇ.